ಸಿಲಿಕಾನ್ ಮೇಲೆಯೇ ಬೆಳೆಸಿ, ಬೆಳ್ಳಿ ಯಾಕೆ ಬೇಕು?

ನಮಸ್ಕಾರ ಸ್ನೇಹಿತರೇ. ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಸಿಲಿಸೀನ್ ಅನ್ನು 2012ರಲ್ಲೇ ಬೆಳ್ಳಿ ಮೇಲೆ ಬೆಳೆಸಿ ಆಯ್ತಲ್ಲ, ಇನ್ನೇನು ಉಳಿದಿದೆ?" ಓದಿ ರೇಗಿಹೋಯಿತು. ಉಳಿದಿರುವುದೇ ಎಲ್ಲ, ಸ್ವಾಮಿ!

ಸಿಲಿಸೀನ್ ಅಂದರೆ ಒಂದೇ ಪರಮಾಣು ಪದರದ ಸಿಲಿಕಾನ್ ಹಾಳೆ. ಒಂದೇ ಪದರದ ಕಾರ್ಬನ್ ಹಾಳೆ ಇದೆಯಲ್ಲ, ಗ್ರಾಫೀನ್, ಅದರ ತರಹವೇ ಆರು ಮೂಲೆಯ ಜಾಲ. ಆದರೆ ಚಪ್ಪಟೆ ಅಲ್ಲ, ಒಂದು ಪರಮಾಣು ಸ್ವಲ್ಪ ಮೇಲೆ, ಪಕ್ಕದ್ದು ಸ್ವಲ್ಪ ಕೆಳಗೆ. ಗ್ರಾಫೈಟ್‌ನಿಂದ ಗ್ರಾಫೀನ್ ತೆಗೆದ ಹಾಗೆ ಟೇಪ್ ಅಂಟಿಸಿ ಇದನ್ನು ಕೀಳಲು ಆಗುವುದಿಲ್ಲ. ಯಾವುದಾದರೂ ತಳದ ಮೇಲೆ ಬೆಳೆಸಲೇಬೇಕು. ಯಾವ ತಳ? ನನ್ನ ಜಗಳ ಇರುವುದೇ ಇಲ್ಲಿ.

ಬೆಳ್ಳಿ ಲೋಹ. ಕೆಳಗೆ ಬೆಳ್ಳಿ ಇದ್ದರೆ ಕರೆಂಟ್ ಅದರಲ್ಲೇ ಹರಿದುಹೋಗುತ್ತದೆ, ಮೇಲಿನ ಹಾಳೆಗೆ ಏನು ಕೆಲಸ? 2015ರಲ್ಲಿ ಅಮೆರಿಕದ ಆಸ್ಟಿನ್ ಮತ್ತು ಇಟಲಿಯ ಸಂಶೋಧಕರು ಸೇರಿ ಸಿಲಿಸೀನ್ ಟ್ರಾನ್ಸಿಸ್ಟರ್, ಅಂದರೆ ಚಿಪ್ ಒಳಗಿನ ಪುಟ್ಟ ಸ್ವಿಚ್, ಮಾಡಿದರು. ಅವರು ಪಟ್ಟ ಪಾಡು ನೋಡಿ. ಮೈಕಾ (ಅಭ್ರಕ) ಮೇಲೆ ಬೆಳ್ಳಿ, ಬೆಳ್ಳಿ ಮೇಲೆ ಸಿಲಿಸೀನ್, ಅದರ ಮೇಲೆ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಹೊದಿಕೆ. ಆಮೇಲೆ ಎಲ್ಲವನ್ನೂ ಮೈಕಾದಿಂದ ಬಿಡಿಸಿ, ತಲೆಕೆಳಗು ಮಾಡಿ, ಆಕ್ಸೈಡ್ ಪದರ ಇರುವ ಸಿಲಿಕಾನ್ ವೇಫರ್ (ಚಿಪ್ ಮಾಡುವ ತೆಳು ಬಿಲ್ಲೆ) ಮೇಲೆ ಕೂರಿಸಿದರು. ಈಗ ಮೇಲೆ ಬಂದ ಬೆಳ್ಳಿಯ ನಡುಭಾಗವನ್ನು ಕರಗಿಸಿ ತೆಗೆದರು. ಇಷ್ಟೆಲ್ಲ ಆದ ಮೇಲೆ ಅದು ಬದುಕಿದ್ದು ಕೆಲವೇ ನಿಮಿಷ. ಕೊನೆಗೆ ಎಲ್ಲಿಗೆ ಬಂತು? ಸಿಲಿಕಾನ್ ಮೇಲಕ್ಕೇ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಇದೇ ಅಲ್ವಾ?

ಜಪಾನಿನ ಜೈಸ್ಟ್ ಸಂಸ್ಥೆಯವರು 2012ರಲ್ಲೇ ಬೇರೆ ದಾರಿ ತೋರಿಸಿದ್ದರು. ಸಿಲಿಕಾನ್ ವೇಫರ್ ಮೇಲೆ ಜಿರ್ಕೋನಿಯಂ ಡೈಬೋರೈಡ್‌ನ ತೆಳು ಪದರ ಬೆಳೆಸಿ, ನಿರ್ವಾತದಲ್ಲಿ ಕಾಯಿಸಿದರು. ಕೆಳಗಿನ ವೇಫರ್‌ನ ಸಿಲಿಕಾನ್ ಪರಮಾಣುಗಳೇ ಆ ಪದರ ದಾಟಿ ಮೇಲೆ ಬಂದು ತಾವಾಗಿ ಸಿಲಿಸೀನ್ ಆಗಿ ಕೂತವು. ಹೊರಗಿಂದ ಒಂದು ಚೂರು ಸಿಲಿಕಾನ್ ಕೂಡ ಹಾಕಲಿಲ್ಲ! "ಆ ಪದರವೂ ಕರೆಂಟ್ ಹರಿಸುತ್ತದೆ" ಅಂತ ಈಗಲೇ ಟೈಪ್ ಮಾಡಬೇಡಿ. ಗೊತ್ತು. ಆದರೆ ವೇಫರ್ ತಾನೇ ಕೊಟ್ಟಿತಲ್ಲ, ಅದನ್ನು ನೋಡಿ.

ಅಂದ ಹಾಗೆ, ಕನ್ನಡದಲ್ಲಿ ಇಂಥ ವಿಷಯ ಬೇಕು ಅನ್ನುವವರು ಚಾನಲ್ ಸಬ್‌ಸ್ಕ್ರೈಬ್ ಮಾಡಿ. ನಿಜವಾಗಿ ಸಹಾಯ ಆಗುತ್ತದೆ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಬಿಸಿ ಸಿಲಿಕಾನ್ ಮೇಲೆ ಕ್ಯಾಲ್ಸಿಯಂ ಆವಿ ಹಾಯಿಸಿದರೆ ಕ್ಯಾಲ್ಸಿಯಂ ಡೈಸಿಲಿಸೈಡ್ ಬೆಳೆಯುತ್ತದೆ. ಒಂದು ಸಿಲಿಕಾನ್ ಹಾಳೆ, ಒಂದು ಕ್ಯಾಲ್ಸಿಯಂ ಪದರ, ಮತ್ತೆ ಸಿಲಿಕಾನ್ ಹಾಳೆ. ಅಳತೆಯೂ ಹೊಂದುತ್ತದೆ: ವೇಫರ್‌ನ 111 ಅನ್ನುವ ಮುಖದಲ್ಲಿ (ಹರಳನ್ನು ಒಂದು ನಿರ್ದಿಷ್ಟ ಕೋನದಲ್ಲಿ ಕತ್ತರಿಸಿದ ಮೇಲ್ಮೈ) ಪರಮಾಣುಗಳ ಅಂತರ 3.84 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರ್‌ನ ಕೋಟಿಯಲ್ಲಿ ಒಂದು ಪಾಲು), ಕ್ಯಾಲ್ಸಿಯಂ ಡೈಸಿಲಿಸೈಡ್‌ನಲ್ಲಿ ಸುಮಾರು 3.85. ಇದಕ್ಕಿಂತ ಒಳ್ಳೆ ಜೋಡಿ ಎಲ್ಲಿ ಹುಡುಕುತ್ತೀರಿ? ಹೈಡ್ರೋಕ್ಲೋರಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುತ್ತದೆ, ಹಾಳೆಗಳು ಉಳಿಯುತ್ತವೆ. ಜರ್ಮನ್ ರಸಾಯನಶಾಸ್ತ್ರಜ್ಞ ವೋಲರ್ 1863ರಲ್ಲೇ ಇಂಥದ್ದು ಮಾಡಿದ್ದ. "ಆ ಹಾಳೆಗೆ ಹೈಡ್ರೋಜನ್, ಆಕ್ಸಿಜನ್ ಅಂಟಿಕೊಳ್ಳುತ್ತದೆ, ಅದು ಶುದ್ಧ ಸಿಲಿಸೀನ್ ಅಲ್ಲ" ಅಂತೀರಾ? ಅಂಟಿಕೊಳ್ಳಲಿ ಬಿಡಿ! ಸಿಲಿಕಾನ್ ಹಾಳೆ ತಾನೇ? ಸಿಲಿಕಾನ್ ಮೇಲೆ ತಾನೇ?

"ಗ್ರಾಫೀನ್ ಇದೆಯಲ್ಲ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಚಿಪ್ ಫ್ಯಾಕ್ಟರಿಗಳೆಲ್ಲ ನಿಂತಿರುವುದು ಸಿಲಿಕಾನ್ ಮೇಲೆ. ಸುಮ್ನೆ ವಾದ ಬೇಡ. ಸಿಲಿಕಾನ್ ಮೇಲೆ ಬೆಳೆಸಿ. ಬೆಳ್ಳಿ ಬೇಡ, ಮೈಕಾ ಬೇಡ, ಸಿಲಿಕಾನ್ ಮೇಲೆಯೇ ಬೆಳೆಸಿ! ಒಪ್ಪದವರು ಕಾರಣ ಕೊಟ್ಟು ಬರೆಯಿರಿ, ಮುಂದಿನ ವಾರ ಒಂದೊಂದಾಗಿ ಓದಿ ಉತ್ತರ ಕೊಡುತ್ತೇನೆ.