ಮೌಸ್ ತಾನಾಗಿಯೇ ಓಡಾಡಿದ ಮಧ್ಯಾಹ್ನ

ನಮಸ್ಕಾರ ಎಲ್ಲರಿಗೂ. ಹಿಂದೆ ಕಾಣುತ್ತಿರುವುದು ಜೋಗಿಮಟ್ಟಿ ಕಡೆಯ ಗುಡ್ಡ, ಇದು ಚಿತ್ರದುರ್ಗದ ನಮ್ಮ ಮನೆ ಮಹಡಿ. ಇವತ್ತು ಸುತ್ತಾಟ ಇಲ್ಲ. ಮೂರು ದಿನದಿಂದ ನಮ್ಮ ಅತ್ತಿಗೆಯ ಕಂಪ್ಯೂಟರ್ ಮುಂದೆಯೇ ಕೂತಿದ್ದೇನೆ. ಅದರ ಕಥೆ ಹೇಳಬೇಕು.

ಅತ್ತಿಗೆ ಮನೆಯಲ್ಲೇ ಮದುವೆ ಕಾರ್ಡು, ನಾಮಕರಣದ ಬ್ಯಾನರ್ ಡಿಸೈನ್ ಮಾಡುತ್ತಾರೆ. ಒಂದು ಮಧ್ಯಾಹ್ನ ಸಂಡಿಗೆ ತಿರುವಿ ಹಾಕಲು ಮಹಡಿಗೆ ಹೋಗಿ ಬಂದರೆ, ಪರದೆ ಮೇಲೆ ಮೌಸ್ ಬಾಣ ತಾನಾಗಿಯೇ ಓಡಾಡುತ್ತಿತ್ತು. "ಮೌಸ್ ಕೆಟ್ಟಿದೆ ನೋಡಪ್ಪ, ಬರುವಾಗ ಒಂದು ಹೊಸದು ತಗೊಂಡು ಬಾ" ಅಂದರು. ತಂದುಕೊಟ್ಟೆ. ಮಾರನೇ ದಿನ ಮತ್ತೆ ಅದೇ. ಈ ಸಲ ನಾನೂ ಇದ್ದೆ. ಬಾಣ ಸೀದಾ ಬ್ರೌಸರ್‌ಗೆ ಹೋಯಿತು, ಸೆಟ್ಟಿಂಗ್ಸ್ ತೆರೆಯಿತು, ಸೇವ್ ಆಗಿರುವ ಪಾಸ್‌ವರ್ಡ್‌ಗಳ ಪುಟಕ್ಕೆ ಬಂದು ನಿಂತಿತು. ಕೆಟ್ಟ ಮೌಸ್ ಎಗರಾಡುತ್ತದೆ, ಹೀಗೆ ದಾರಿ ಗೊತ್ತಿರುವವರ ಥರ ನಡೆಯುವುದಿಲ್ಲ. ಬೇರೆ ಯಾರೋ ದೂರದಿಂದ ಅದನ್ನು ಓಡಿಸುತ್ತಿದ್ದರು. ನನಗೆ ಕೈ ತಣ್ಣಗಾಯಿತು.

ಹೀಗೆ ಹೊರಗಿನವರು ಕಂಪ್ಯೂಟರ್ ಒಳಗೆ ಗುಟ್ಟಾಗಿ ಬರುವ ದಾರಿಗೆ ಬ್ಯಾಕ್‌ಡೋರ್ ಅನ್ನುತ್ತಾರೆ. ಅದು ಏನು ಅಂತ ದುರ್ಗದವರಿಗೆ ಬಿಡಿಸಿ ಹೇಳಬೇಕಾ? ಕಿಂಡಿ. ಓಬವ್ವನ ಕಥೆಯಲ್ಲಿ ಹೈದರಾಲಿ ಸೈನಿಕರು ಏಳು ಸುತ್ತಿನ ಕೋಟೆ ಒಡೆದು ಬರಲಿಲ್ಲ. ಊರಿನವರೇ ಓಡಾಡುತ್ತಿದ್ದ ಸಣ್ಣ ಸಂದಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬಂದರು. ನಮ್ಮ ಮನೆಯಲ್ಲೂ ಹಾಗೆಯೇ ಆಗಿತ್ತು. ಅತ್ತಿಗೆ ಡಿಸೈನ್ ಸಾಫ್ಟ್‌ವೇರ್‌ನ ಕ್ರ್ಯಾಕ್ ಕಾಪಿ, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ಪ್ರತಿ, ಹಾಕಿಕೊಂಡಿದ್ದರು. ಅದರ ಜೊತೆ ಬಂದ ಸೂಚನೆಯ ಮೊದಲ ಸಾಲೇ "ಆಂಟಿವೈರಸ್ ಆಫ್ ಮಾಡಿ" ಅಂತ. ದುಡ್ಡು ಉಳಿಸಲು ಎಷ್ಟು ಜನ ಹೀಗೆ ಮಾಡುತ್ತಾರೆ ಅಂತ ನನಗೆ ಗೊತ್ತು, ಅದಕ್ಕೆ ಅವರನ್ನು ಬೈಯಲು ಮನಸ್ಸಾಗಲಿಲ್ಲ.

ಈ ಕಪ್ಪು ಪರದೆ ನೋಡಿ. ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಸ್ಟ್ಯಾಟ್, ಒಂದು ಸ್ಪೇಸ್, ಹೈಫನ್, ಎ ಎನ್ ಓ ಅಂತ ಹೊಡೆದೆ. ಕಂಪ್ಯೂಟರ್ ಯಾರ ಜೊತೆ ಮಾತಾಡುತ್ತಿದೆ ಅಂತ ಇದು ತೋರಿಸುತ್ತದೆ. ಬ್ರೌಸರ್ ಎಲ್ಲ ಮುಚ್ಚಿದ್ದರೂ ಹೊರಗಿನ ಯಾವುದೋ ಐಪಿಗೆ, ಅಂದರೆ ಇಂಟರ್ನೆಟ್ ವಿಳಾಸಕ್ಕೆ, ಒಂದು ಕನೆಕ್ಷನ್ ಜೀವಂತ ಇತ್ತು. ಸಾಲಿನ ಕೊನೆಯಲ್ಲಿರುವ ನಂಬರ್ ಪಿಐಡಿ, ಅಂದರೆ ಯಾವ ಪ್ರೋಗ್ರಾಂ ಅನ್ನುವ ಗುರುತು. ಫೋನಿನಲ್ಲಿ ಫೋಟೋ ತೆಗೆದುಕೊಂಡು, ಕೂಡಲೇ ನೆಟ್ ಕೇಬಲ್ ಕಿತ್ತೆ.

ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಆ ನಂಬರ್ ಹುಡುಕಿದೆ. ಹೆಸರು ಎಸ್‌ವಿಸಿಹೋಸ್ಟ್. ಇಲ್ಲಿಯೇ ಜನ ಮೋಸ ಹೋಗುವುದು. ಆ ಹೆಸರಿನ ಅಸಲಿ ಪ್ರೋಗ್ರಾಂ ಪ್ರತಿ ವಿಂಡೋಸ್‌ನಲ್ಲೂ ಇರುತ್ತದೆ, ಒಂದಲ್ಲ, ಹತ್ತಾರು ಸಲ ಓಡುತ್ತಿರುತ್ತದೆ. ಆದರೆ ಅದರ ಮನೆ ವಿಂಡೋಸ್ ಫೋಲ್ಡರ್ ಒಳಗಿನ ಸಿಸ್ಟಮ್32. ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿದರೆ, ಇದು ಕೂತಿದ್ದದ್ದು ಆಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರ್‌ನಲ್ಲಿ. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ವಿಳಾಸ ನೋಡಬೇಕು.

ಎಂಡ್ ಟಾಸ್ಕ್ ಕೊಟ್ಟು ಫೈಲ್ ಅಳಿಸಿದೆ. ಟೀ ಕುಡಿದು ಬರುವಷ್ಟರಲ್ಲಿ ಮತ್ತೆ ಬಂದು ಕೂತಿತ್ತು!

ಯಾರೋ ಅದನ್ನು ವಾಪಸ್ ಕರೆತರುತ್ತಿದ್ದಾರೆ ಅಂತ ಆಗ ಗೊತ್ತಾಯಿತು. ಆಟೋರನ್ಸ್ ಅಂತ ಮೈಕ್ರೋಸಾಫ್ಟ್‌ನದೇ ಉಚಿತ ಟೂಲ್ ಇದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಳಿಸಿ ತಂದೆ. ವಿಂಡೋಸ್ ಜೊತೆ ತಾವಾಗಿಯೇ ಶುರುವಾಗುವ ಎಲ್ಲವನ್ನೂ ಅದು ಒಂದೇ ಕಡೆ ತೋರಿಸುತ್ತದೆ. ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿದರೆ ಹುಡುಕುವುದು ಸಲೀಸು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅಪ್‌ಡೇಟ್ ಅನ್ನುವ ಹೆಸರಲ್ಲಿ ಒಂದು ಕೆಲಸ, ಹತ್ತು ನಿಮಿಷಕ್ಕೊಮ್ಮೆ ಓಡುತ್ತಿತ್ತು. ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್ ಯಾಕೆ ಸುಮ್ನೆ ಇತ್ತು? ಅದು ಹುಡುಕದೆ ಬಿಡುವ ಜಾಗಗಳ ಪಟ್ಟಿ, ಎಕ್ಸ್‌ಕ್ಲೂಷನ್ಸ್, ತೆರೆದರೆ, ಇಡೀ ಸಿ ಡ್ರೈವ್ ಅಲ್ಲಿತ್ತು. ಕಾವಲಿನವನಿಗೆ "ಈ ಕಡೆ ತಿರುಗಬೇಡ" ಅಂತ ಹೇಳಿಟ್ಟಿದ್ದರು. ನನಗೆ ಸಿಟ್ಟು ಬಂದದ್ದು ಇಲ್ಲೇ.

ಎರಡನ್ನೂ ತೆಗೆದು, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ. ಕಾಲು ಗಂಟೆಯ ಕೆಲಸ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ. ಕಳ್ಳ ಇನ್ನೂ ಎದ್ದಿರುವುದಿಲ್ಲ, ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಇನ್ನೂ ಎರಡು ಫೈಲ್ ಸಿಕ್ಕವು.

ಅಷ್ಟಕ್ಕೆ ಬಿಡಬಹುದಿತ್ತು. ನಾನು ಬಿಡಲಿಲ್ಲ. ಬೇರೆಯವರು ದಿನಗಟ್ಟಲೆ ಕೈಯಾಡಿಸಿದ ಯಂತ್ರ ಅದು, ಇನ್ನೆಲ್ಲಿ ಕಿಂಡಿ ಕೊರೆದಿದ್ದಾರೋ. ಫೋಟೋ, ಡಿಸೈನ್ ಫೈಲ್ ಮಾತ್ರ ತೆಗೆದಿಟ್ಟು, ಇನ್‌ಸ್ಟಾಲರ್‌ಗಳನ್ನೆಲ್ಲ ಬಿಟ್ಟು, ವಿಂಡೋಸ್ ಹೊಸದಾಗಿ ಹಾಕಿದೆ.

ಪಾಸ್‌ವರ್ಡ್‌ಗಳನ್ನು ಮಾತ್ರ ಕೇಬಲ್ ಕಿತ್ತ ದಿನವೇ ಬದಲಿಸಿದ್ದೆವು, ಅದೂ ಅತ್ತಿಗೆಯ ಫೋನಿನಿಂದ. ಕಿಂಡಿ ಇರುವ ಕಂಪ್ಯೂಟರ್‌ನಲ್ಲಿ ಬದಲಿಸಿದರೆ ಹೊಸದನ್ನೂ ಅವರ ಕೈಗೇ ಕೊಟ್ಟ ಹಾಗೆ. ಮೊದಲು ಮೇಲ್, ಆಮೇಲೆ ಬ್ಯಾಂಕ್. ಎಲ್ಲ ಸಾಧನಗಳಿಂದ ಸೈನ್ ಔಟ್ ಕೂಡ ಒತ್ತಿದೆವು, ಯಾಕೆಂದರೆ ಕದ್ದ ಲಾಗಿನ್, ಪಾಸ್‌ವರ್ಡ್ ಬದಲಾದರೂ ಕೆಲವೊಮ್ಮೆ ನಡೆಯುತ್ತದೆ. ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಿದ್ದೆವು. ಆ ನಂಬರ್ ಈಗ ನಮ್ಮ ಫ್ರಿಜ್ ಮೇಲೆ ಅಂಟಿಸಿದೆ, ನೋಡಿ.

ಅತ್ತಿಗೆ ಈಗ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಕಲಿಯುತ್ತಿದ್ದಾರೆ. ಮೊದಲ ಕಾರ್ಡು ಇವತ್ತು ಬೆಳಿಗ್ಗೆ ಮುಗಿಯಿತು. ಕೈಯಲ್ಲಿರುವುದು ಹಳೇ ಮೌಸೇ. ಅದಕ್ಕೆ ಏನೂ ಆಗಿರಲಿಲ್ಲ, ಅಲ್ವಾ?