ಕಾಂಕ್ರೀಟಿಗೆ ಸ್ಪರ್ಶ ತಿಳಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಸೇತುವೆಯ ಮೇಲೆ ತುಂಬಿದ ಲಾರಿಯೊಂದು ಹಾದುಹೋದರೆ ಪಕ್ಕದಲ್ಲಿ ನಿಂತವರ ಕಾಲಿಗೆ ನಡುಕ ತಿಳಿಯುತ್ತದೆ. ಆ ಕ್ಷಣ ಕಾಂಕ್ರೀಟು ಕಣ್ಣಿಗೆ ಕಾಣದಷ್ಟು ಕುಗ್ಗಿ ಮತ್ತೆ ಹಿಗ್ಗಿರುತ್ತದೆ. ಸಿಮೆಂಟು ಕಲಸುವಾಗಲೇ ಇಂಗಾಲದ ನ್ಯಾನೊ ಕೊಳವೆಗಳನ್ನು, ಅಂದರೆ ವಿದ್ಯುತ್ತು ಹರಿಯಬಲ್ಲ ಅತಿ ಸಣ್ಣ ಇಂಗಾಲದ ಎಳೆಗಳನ್ನು, ಬೆರೆಸಿದ್ದರೆ ಆ ಕುಗ್ಗುವಿಕೆಯನ್ನು ಅಳೆಯಬಹುದು. ಭಾರ ಬಿದ್ದಾಗ ಕೊಳವೆಗಳು ಹತ್ತಿರ ಸರಿಯುತ್ತವೆ, ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಬಿರುಕು ಬಿಟ್ಟಾಗ ದೂರವಾಗುತ್ತವೆ, ತಡೆ ಏರುತ್ತದೆ. ಎರಡು ತಂತಿ ಜೋಡಿಸಿದರೆ ಸೇತುವೆ ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತದೆ.

ನ್ಯಾನೊಮೀಟರ್ ಅಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ನಮ್ಮ ತಲೆಗೂದಲ ದಪ್ಪವೇ ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೊಮೀಟರ್. ಒಂದು ಸೆಂಟಿಮೀಟರಿನ ಘನವೊಂದನ್ನು ಒಂದೊಂದು ನ್ಯಾನೊಮೀಟರಿನ ಚೂರುಗಳಾಗಿ ಕತ್ತರಿಸಿದರೆ, 6 ಚದರ ಸೆಂಟಿಮೀಟರ್ ಇದ್ದ ಮೇಲ್ಮೈ 6,000 ಚದರ ಮೀಟರ್ ಆಗುತ್ತದೆ. ವಸ್ತು ಅದೇ, ತೂಕ ಅದೇ. ಸುತ್ತಲಿನ ಜಗತ್ತಿಗೆ ತಾಗುವ ಮೈ ಮಾತ್ರ ಒಂದು ಕೋಟಿ ಪಟ್ಟು ಹಿಗ್ಗಿರುತ್ತದೆ.

ನಗರಗಳಿಗೆ ಬೇಕಿರುವುದು ಈ ಗುಣವೇ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಮೇಲೆ ನೇರಳಾತೀತ ಕಿರಣ ಬಿದ್ದರೆ, ಅದರ ಮೇಲೆ ಕೂತ ಕೊಳೆ ಒಡೆಯುತ್ತದೆ, ವಾಹನದ ಹೊಗೆಯ ನೈಟ್ರೋಜನ್ ಆಕ್ಸೈಡುಗಳು ನೈಟ್ರೇಟ್ ಆಗುತ್ತವೆ. ಬೆಳಕಿನಲ್ಲಿ ಇದು ನೀರನ್ನೂ ವಿಭಜಿಸಬಲ್ಲದೆಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ತೋರಿಸಿದ್ದರು. 2003ರಲ್ಲಿ ರೋಮ್‌ನಲ್ಲಿ ಕಟ್ಟಿ ಮುಗಿಸಿದ ಜ್ಯುಬಿಲಿ ಚರ್ಚಿನ ಬಿಳಿ ಗೋಡೆಗಳ ಸಿಮೆಂಟಿನಲ್ಲಿ ಇರುವುದು ಇದೇ ಪುಡಿ. ಇನ್ನು ಸಿಮೆಂಟ್ ತಯಾರಿಕೆಯೊಂದೇ ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟನ್ನು ಉಗುಳುತ್ತದೆ. ಬಿರುಕನ್ನು ಬೇಗ ಹಿಡಿದು ರಿಪೇರಿ ಮಾಡಿದ ಸೇತುವೆ ಇಪ್ಪತ್ತು ವರ್ಷ ಹೆಚ್ಚು ಬಾಳಿದರೆ ಅಷ್ಟು ಸಿಮೆಂಟು ಉಳಿಯಿತು. ಹಾಗಾಗಿ ಈ ತಂತ್ರಜ್ಞಾನ ಬೇಡವೆಂದು ನಾನು ಹೇಳಲಾರೆ.

ನನ್ನ ಆತಂಕ ಬೇರೆ. ಬಿರುಕನ್ನು ತಿಳಿಯುವ ಕಾಂಕ್ರೀಟು ಲಾರಿಗಳನ್ನು ಎಣಿಸಬಲ್ಲದು, ತೂಗಬಲ್ಲದು. ಅದೇ ಜಾತಿಯ ಸಂವೇದಕ ಕಟ್ಟಡದ ನೆಲಕ್ಕೆ ಬಂದರೆ ಎಣಿಕೆಗೆ ಸಿಗುವುದು ನಮ್ಮ ಹೆಜ್ಜೆ. ಒಂದು ಉದ್ದೇಶಕ್ಕೆ ಅಳೆದದ್ದು ಇನ್ನೊಂದನ್ನು ಹೇಳಿಬಿಡುವುದನ್ನು ವಿದ್ಯುತ್ ಮೀಟರಿನಲ್ಲಿ ಆಗಲೇ ಕಂಡಿದ್ದೇವೆ. 1980ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಹಾರ್ಟ್ ಮತ್ತು ಸಂಗಡಿಗರು, ಮನೆಯ ಹೊರಗಿನ ಒಂದೇ ಅಳತೆಯಿಂದ ಒಳಗೆ ಯಾವ ಯಂತ್ರ ಯಾವಾಗ ಓಡಿತೆಂದು ಬೇರ್ಪಡಿಸುವ ದಾರಿ ಕಂಡುಕೊಂಡರು. ಫ್ರಿಜ್ಜಿನ ಏರಿಳಿತಕ್ಕೆ ಒಂದು ರೂಪ, ಬಿಸಿನೀರಿನ ಹೀಟರಿಗೆ ಇನ್ನೊಂದು. ಮನೆಯವರು ಎದ್ದದ್ದು, ಹೊರಗೆ ಹೋದದ್ದು ಎಲ್ಲವೂ ಆ ಗೆರೆಯಲ್ಲಿ ಮೂಡುತ್ತದೆ. ಇದು ಕಣ್ಗಾವಲಿಗೆ ಬಳಕೆಯಾದೀತೆಂದು 1989ರಲ್ಲಿ ಎಚ್ಚರಿಸಿ ಬರೆದವರೂ ಹಾರ್ಟ್ ಅವರೇ. ಕಂಡುಹಿಡಿದವರೇ ಹೀಗೆ ಮುಂದೆ ಬಂದು ಹೇಳಿದ್ದು ನನಗೆ ದೊಡ್ಡದೆನಿಸುತ್ತದೆ. 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ನಗರಾಡಳಿತ 15 ನಿಮಿಷಕ್ಕೊಮ್ಮೆ ಮೀಟರ್ ಓದುವುದು ಸಂವಿಧಾನದ ಅರ್ಥದಲ್ಲಿ ಮನೆಯ ಶೋಧವೇ ಎಂದಿತು. ಆ ಪ್ರಕರಣದಲ್ಲಿ ಅದು ಸಮಂಜಸವೆಂದು ಒಪ್ಪಿಕೊಂಡಿತು ಕೂಡ.

ಹಾಗಾದರೆ ಕಾನೂನು ಏನು ಕೇಳುತ್ತಿದೆ? ಅಮೆರಿಕದ ಬರ್ಕ್ಲಿ ನಗರ 2006ರಲ್ಲೇ ನ್ಯಾನೊ ಕಣ ತಯಾರಿಸುವವರು, ಬಳಸುವವರು ವಿವರ ಸಲ್ಲಿಸಬೇಕೆಂದು ನಿಯಮ ಮಾಡಿತು. ಫ್ರಾನ್ಸಿನಲ್ಲಿ 2013ರಿಂದ ನೋಂದಣಿ ಕಡ್ಡಾಯ. ಇವೆಲ್ಲ ಕೇಳುವುದು ಶ್ವಾಸಕೋಶಕ್ಕೆ ಏನಾಗುತ್ತದೆ, ನೀರಿಗೆ ಏನಾಗುತ್ತದೆ ಎಂದು. ಕೇಳಲೇಬೇಕಾದ ಪ್ರಶ್ನೆ ಅದು; ಸ್ವಿಟ್ಜರ್ಲೆಂಡಿನಲ್ಲಿ ಗೋಡೆಯ ಬಣ್ಣದಿಂದ ಟೈಟಾನಿಯಂ ಕಣಗಳು ಮಳೆನೀರಿನೊಡನೆ ಹರಿದು ಹೋಗುವುದನ್ನು 2008ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಆದರೆ ಈ ವಸ್ತುವಿಗೆ ನಮ್ಮ ಬಗ್ಗೆ ಏನು ತಿಳಿಯುತ್ತದೆ ಎಂಬ ಕಲಂ ಆ ಅರ್ಜಿಗಳಲ್ಲಿಲ್ಲ. ಖಾಸಗಿತನದ ಕಾನೂನುಗಳ ನಂಬಿಕೆಯೋ ಸೂಚನೆ ಮತ್ತು ಒಪ್ಪಿಗೆಯ ಮೇಲೆ. ಕ್ಯಾಮೆರಾ ಕಂಬದ ಮೇಲೆ ಕಾಣುತ್ತದೆ, ಕೆಳಗೆ ಫಲಕ ಹಾಕಬಹುದು. ನೆಲವೇ ಸಂವೇದಕವಾದರೆ ನಡೆಯದೆ ಇರುವ ಆಯ್ಕೆ ಯಾರಿಗಿದೆ?

ಕೆನಡಾದ ಟೊರಾಂಟೋ ನಗರದ ಕ್ವೇಸೈಡ್‌ನಲ್ಲಿ ಸಂವೇದಕಗಳ ಬಡಾವಣೆ ಕಟ್ಟುವುದಾಗಿ 2017ರಲ್ಲಿ ಗೂಗಲ್‌ನ ಸೋದರ ಕಂಪನಿ ಸೈಡ್‌ವಾಕ್ ಲ್ಯಾಬ್ಸ್ ಹೊರಟಿತ್ತು. ಖಾಸಗಿತನದ ಸಲಹೆಗಾರ್ತಿಯಾಗಿದ್ದ ಆನ್ ಕವೂಕಿಯನ್, ಗುರುತುಗಳನ್ನು ಸಂಗ್ರಹಿಸಿದ ಜಾಗದಲ್ಲೇ ಅಳಿಸಬೇಕು ಎಂದು ಪಟ್ಟು ಹಿಡಿದಿದ್ದರು. ಯೋಜನೆಗೆ ಸೇರುವ ಎಲ್ಲ ಸಂಸ್ಥೆಗಳೂ ಹಾಗೆ ಮಾಡುವ ಖಾತರಿ ಸಿಗದಾಗ, 2018ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. 2020ರಲ್ಲಿ ಆರ್ಥಿಕ ಅನಿಶ್ಚಿತತೆಯ ಕಾರಣ ನೀಡಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು.

ಕವೂಕಿಯನ್ ಅವರ ಆ ಪಟ್ಟು ಕಾಂಕ್ರೀಟಿಗೂ ಹೊಂದುತ್ತದೆ. ಗಟ್ಟಿಯಾದ ಕಾಂಕ್ರೀಟಿನಿಂದ ಕೊಳವೆಗಳನ್ನು ಹೆಕ್ಕಿ ತೆಗೆಯಲಾಗದು, ನಿಜ. ಆದರೆ ತಂತಿ ಜೋಡಿಸಿ ಓದುವ ಪೆಟ್ಟಿಗೆ ಇಲ್ಲದಿದ್ದರೆ ಆ ಕಾಂಕ್ರೀಟು ಬರೀ ಕಾಂಕ್ರೀಟು. ಕಾನೂನು ಹಿಡಿಯಬೇಕಾದದ್ದು ಆ ಪೆಟ್ಟಿಗೆಯನ್ನು. ಬಿರುಕು ಬೆಳೆಯಲು ದಿನಗಳು, ತಿಂಗಳುಗಳು ಬೇಕು. ಹೆಜ್ಜೆಯ ಗುರುತು ಒಂದು ಸೆಕೆಂಡಿನೊಳಗೆ ಬಂದು ಹೋಗುತ್ತದೆ. ದಿನಕ್ಕೊಂದು ಸರಾಸರಿಯನ್ನಷ್ಟೇ ಹೊರಗೆ ಕಳಿಸಿ, ಕ್ಷಣಕ್ಷಣದ ಲೆಕ್ಕವನ್ನು ಪೆಟ್ಟಿಗೆಯಲ್ಲೇ ಅಳಿಸಿಹಾಕಿದರೆ ಬಿರುಕಿನ ಮೇಲೆ ಕಣ್ಣಿಡಲು ಬಹುಪಾಲು ಅಷ್ಟೇ ಸಾಕು. ಈ ಷರತ್ತನ್ನು ಟೆಂಡರಿನಲ್ಲೇ ಬರೆಯಬೇಕು, ಸಿಮೆಂಟು ಕಲಸುವ ಮೊದಲೇ ಆ ಕಾಗದ ಸಾರ್ವಜನಿಕರ ಕೈಗೆ ಸಿಗಬೇಕು.

ನಮಸ್ಕಾರ.