ಅಜ್ಜಿಯ ಡಬ್ಬಿಯಲ್ಲಿ 31 ರೂಪಾಯಿ

ಇದು ನಮ್ಮಜ್ಜಿಯ ಹಿತ್ತಾಳೆ ಡಬ್ಬಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಮಾತ್ರ ಬೀರುವಿನಿಂದ ಹೊರಗೆ ಬರುತ್ತಿತ್ತು. ಒಳಗೆ 31 ಬೆಳ್ಳಿ ರೂಪಾಯಿ. ಅಜ್ಜಿ ಹೋದ ಮೇಲೆ ಮಾವ, ದೊಡ್ಡಮ್ಮ, ಅಮ್ಮ ಮೂವರೂ ಹಂಚಿಕೊಳ್ಳಬೇಕಿತ್ತು.

"ತಲೆಗೆ ಹತ್ತು. ಉಳಿದ ಒಂದು ದೇವರ ಮನೆಗೆ. ಆಯ್ತಲ್ಲ?" ಅಂದರು ಮಾವ.

ಸುಲಭ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಅಷ್ಟರಲ್ಲಿ ದೊಡ್ಡಮ್ಮ ಹುಣಸೆಹಣ್ಣು ಹಚ್ಚಿ ಮೂರು ನಾಣ್ಯ ಉಜ್ಜಿಯೂ ಆಗಿತ್ತು. ಫಳಫಳ ಹೊಳೆಯುತ್ತಿದ್ದವು. ನಾನು ಬಟ್ಟಲು ಕಿತ್ತುಕೊಂಡೆ. ಎಷ್ಟೋ ವರ್ಷ ಗಾಳಿ ತಾಗಿ ಕೂತ ಕಪ್ಪು ಅದು, ಸಂಗ್ರಹಕಾರರಿಗೆ ಅದೇ ಬೇಕು. ಉಜ್ಜಿದರೆ ಗೀರು ಬಿದ್ದು ಬೆಲೆ ಇಳಿಯುತ್ತದೆ. ಆಮೇಲೆ ಮೇಜಿನ ಮೇಲೆ ಟವೆಲ್ ಹಾಸಿ, ಅಂಚು ಹಿಡಿದು ಒಂದೊಂದೇ ಎತ್ತಿ ಇಸವಿ ಓದಿದೆ.

18 ನಾಣ್ಯ 1940ಕ್ಕಿಂತ ಮುಂಚಿನವು. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್. ಒಂದೊಂದೂ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಇನ್ನು 12 ನಾಣ್ಯ 1940ರಿಂದ 1945ರವರೆಗಿನವು. ಯುದ್ಧದ ಕಾಲದಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು. ಅದೇ ತೂಕ, ನೋಡೋಕೂ ಹಾಗೇ, ಆದರೆ ಬೆಳ್ಳಿ ಬರೀ 5.83 ಗ್ರಾಂ. ಸುಮ್ನೆ ಹತ್ತತ್ತು ಎಣಿಸಿದ್ದರೆ ಒಬ್ಬರ ಪಾಲಿಗೆ ಪೂರ್ತಿ ಯುದ್ಧದ ರೂಪಾಯಿಗಳೇ ಬರಬಹುದಿತ್ತು!

ಕೊನೆಯದು 1947ರದ್ದು, ಹಿಂದೆ ಹುಲಿ ಇದೆ. ಮ್ಯಾಗ್ನೆಟ್ ಹಿಡಿದೆ, ಟಕ್ ಅಂತ ಅಂಟಿತು. ನಿಕ್ಕಲ್! ಪಾಪ, ಅಜ್ಜಿ ಅದಕ್ಕೂ ಕುಂಕುಮ ಹಚ್ಚಿದ್ದರು.

ಇದಕ್ಕೂ ಮುಂಚೆ ಮಾವ ಡಬ್ಬಿಯನ್ನು ಒಂದು ಬೆಳ್ಳಿ ಅಂಗಡಿಗೆ ಒಯ್ದಿದ್ದರಂತೆ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಸುರಿದು ಒಂದೇ ದರ ಹೇಳಿದ್ದಾರೆ. ಇಸವಿ ಯಾರೂ ನೋಡಿಲ್ಲ. ನೋಡಿದ್ದರೆ 1911ರದ್ದು ಕಣ್ಣಿಗೆ ಬೀಳುತ್ತಿತ್ತು. ಅದರಲ್ಲಿ ಜಾರ್ಜ್ ದೊರೆಯ ನಿಲುವಂಗಿ ಮೇಲೆ ಪುಟ್ಟ ಆನೆ ಇದೆ. ಅದು ಹಂದಿ ಥರ ಕಾಣುತ್ತೆ ಅಂತ ಜನ ಸಿಟ್ಟಾದರು. ಸರ್ಕಾರ ಆ ನಾಣ್ಯಗಳನ್ನು ವಾಪಸ್ ಪಡೆದು ಹೆಚ್ಚಿನವನ್ನು ಕರಗಿಸಿತು. 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಹಾಗಾಗಿ 1911ರದ್ದಕ್ಕೆ ಬೆಳ್ಳಿ ದರಕ್ಕಿಂತ ಜಾಸ್ತಿ ಕೊಡುವವರಿದ್ದಾರೆ.

ಲೆಕ್ಕ ಕೊನೆಗೂ ಕೂಡಿತು. ಹಳೆಯವು ಆರಾರು, ಯುದ್ಧದವು ನಾಲ್ಕು ನಾಲ್ಕು. ಹುಲಿ ದೇವರ ಮನೆಗೆ.

1911ರದ್ದು ಯಾರಿಗೆ ಅಂತ ಮಾತು ಬಂತು. ಹುಣಸೆಹಣ್ಣು ಹಚ್ಚಿದ ಮೂರರಲ್ಲಿ ಅದೂ ಒಂದು ಅಂತ ಗೊತ್ತಾದದ್ದು ಆಗಲೇ. ದೊಡ್ಡಮ್ಮ ಸದ್ದಿಲ್ಲದೆ ಅದನ್ನು ತಮ್ಮ ಪಾಲಿಗೆ ಎಳೆದುಕೊಂಡರು.

"ಉಜ್ಜಿದ್ದು ನಾನೇ ಅಲ್ವೇನೋ, ನನಗೇ ಇರಲಿ."